ಸ್ಪಷ್ಟನೆ: ಶಕುಂತಲಾ ರೈಲು ಬ್ರಿಟಿಷರ ಆಸ್ತಿಯಲ್ಲ

‘ಭಾರತದ ಒಂದು ರೈಲು ಮಾರ್ಗ ಇಂದಿಗೂ ಬ್ರಿಟಿಷರದ್ದು, ನಾವು ವರ್ಷಕ್ಕೆ ಕೋಟಿಗಟ್ಟಲೆ ಕಪ್ಪ ಕಟ್ಟುತ್ತೇವೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಓಡಾಡುತ್ತಿದೆ. ಮಹಾರಾಷ್ಟ್ರದ ವಿದರ್ಭದ ಶಕುಂತಲಾ ರೈಲಿನ ಕಥೆ ಅದು. ಅರ್ಧ ನಿಜ, ಉಳಿದದ್ದು ಮಸಾಲೆ.

ನಿಜವೇನು? ಯವತ್ಮಾಳ, ಮೂರ್ತಿಜಾಪುರ, ಅಚಲಪುರ ನಡುವಿನ ಸುಮಾರು 190 ಕಿ.ಮೀ. ನ್ಯಾರೋಗೇಜ್ (ಕಿರಿದಾದ ಹಳಿಯ) ಮಾರ್ಗವನ್ನು ಕಟ್ಟಿಸಿದ್ದು ಕಿಲಿಕ್ ನಿಕ್ಸನ್ ಎಂಬ ಬ್ರಿಟಿಷ್ ವ್ಯಾಪಾರಿ ಸಂಸ್ಥೆ. ವಿದರ್ಭದ ಹತ್ತಿ ಮುಂಬೈ ಸೇರಬೇಕಿತ್ತು, ಅದಕ್ಕೇ ಈ ಹಳಿ. ಮಾರ್ಗದ ಒಡೆತನ ಅದೇ ಸಂಸ್ಥೆ ಹುಟ್ಟುಹಾಕಿದ ಸೆಂಟ್ರಲ್ ಪ್ರಾವಿನ್ಸಸ್ ರೈಲ್ವೆ ಕಂಪನಿಯದ್ದು. ಸ್ವಾತಂತ್ರ್ಯದ ನಂತರ ಬೇರೆ ಮಾರ್ಗಗಳು ಸರ್ಕಾರದ ಕೈ ಸೇರಿದರೂ ಇದು ಖಾಸಗಿಯಾಗೇ ಉಳಿಯಿತು. ರೈಲು ಓಡಿಸಿದ್ದು ಮಾತ್ರ ನಮ್ಮ ರೈಲ್ವೆಯೇ.

ತಪ್ಪಿರುವುದು ಇಲ್ಲಿ. ಖಾಸಗಿ ಅಂದರೆ ಬ್ರಿಟಿಷ್ ಅಂತಲ್ಲ, ಅಲ್ವಾ? ಕಿಲಿಕ್ ನಿಕ್ಸನ್ ಸ್ವಾತಂತ್ರ್ಯದ ನಂತರ ಭಾರತೀಯರ ಕೈಗೆ ಬಂದಿದೆ. ಮಾರ್ಗ ಬಳಸಿದ್ದಕ್ಕೆ ರೈಲ್ವೆ ಕರಾರಿನಂತೆ ಕೊಡಬೇಕಾದ ಹಣವೂ ಒಂದು ಕಂಪನಿಗೆ ಸಲ್ಲುವ ಬಾಬತ್ತು, ಲಂಡನ್ನಿಗೆ ಕಟ್ಟುವ ಕಪ್ಪವಲ್ಲ.

ಸಂದೇಶದ ಜೊತೆ ಬರುವ ಉಗಿಬಂಡಿಯ ಫೋಟೊ ಕೂಡ ಹಳೇದು. 1921ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ತಯಾರಾದ ಆ ಎಂಜಿನ್ 70 ವರ್ಷ ದುಡಿದು 1994ರಲ್ಲಿ ಡೀಸೆಲ್‌ಗೆ ಜಾಗ ಬಿಟ್ಟಿತು. ಈಗ ಆ ಪುಟ್ಟ ರೈಲೇ ನಿಂತಿದೆ.