ಚೈನಾಟೌನಿನ ಹಿಮ್ಮೇಳ

ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನಿಗೆ ನಾನು ಹೋಗುತ್ತಿದ್ದುದು ಬಸಳೆ, ಹಾಗಲಕಾಯಿ ತರಲಿಕ್ಕೆ. ಒಂದು ಭಾನುವಾರ ಹಳೇ ಕಟ್ಟಡದ ಮಹಡಿಯಿಂದ ತಾಳ, ಜಾಗಟೆಯ ಸದ್ದು ಬಂತು. ಕುಂದಾಪುರದವನ ಕಿವಿ ಅಲ್ವಾ, ಸುಮ್ನೆ ಇರಲಿಲ್ಲ. ಚೀಲ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ.

ಅದು ಕ್ಯಾಂಟನೀಸ್ ಒಪೆರಾ, ಅಂದರೆ ದಕ್ಷಿಣ ಚೀನಾದ ಹಾಡುನಾಟಕ, ಆಡುವವರ ಸಂಗೀತ ಕ್ಲಬ್. ಏಳೆಂಟು ಜನ, ಎಲ್ಲರ ತಲೆಯೂ ನರೆತಿತ್ತು. ಒಬ್ಬ ಅಜ್ಜ ಎರಡು ತಂತಿಯ ಗಾವ್‌ಹೂ ವಾದ್ಯವನ್ನು ಮಂಡಿಗಳ ನಡುವೆ ಇಟ್ಟುಕೊಂಡು ಕಮಾನು ಎಳೆಯುತ್ತಿದ್ದರು. ಹೋಟೆಲಿನ ಅಡುಗೆಮನೆಯಲ್ಲಿ ದುಡಿದೇ ಆಯುಷ್ಯ ಕಳೆದವರಂತೆ. ರಜೆಯ ದಿನ ಮಾತ್ರ ಇಲ್ಲಿಗೆ. ಕೇಳುವವರು ಯಾರೂ ಇಲ್ಲ. ನಾನೊಬ್ಬ, ಅದೂ ಕರೆಯದೆ ಬಂದವನು.

ಅವರ ಸ್ವರಲಿಪಿ ನೋಡಿ ಖುಷಿಯಾಯಿತು. ನಮ್ಮ ಸ, ರಿ, ಗ ಇರುವ ಕಡೆ ಅವರಿಗೆ ಸಾಂಗ್, ಚೆ, ಗುಂಗ್. ಹಾಳೆಯಲ್ಲಿರುವುದು ಬರೀ ಎಲುಬು, ಮಾಂಸ ತುಂಬುವುದು ನುಡಿಸುವವರು. ಹಾಡುವವರು ಒಂದು ಕಡೆ ಎಳೆದರೆ ಗಾವ್‌ಹೂ ಹಿಂದೆಯೇ ಹೋಗುತ್ತದೆ. ನಟ ಕೈಯಲ್ಲಿ ಸನ್ನೆ ಮಾಡಿದರೆ ತಾಳದವನು ಪೆಟ್ಟು ಬದಲಿಸುತ್ತಾನೆ. 1920-30ರ ದಶಕಗಳಲ್ಲಿ ಇವರು ಪಿಟೀಲು, ಬ್ಯಾಂಜೊ, ಸ್ಯಾಕ್ಸೋಫೋನನ್ನೂ ಒಳಗೆ ಕರೆದುಕೊಂಡರು. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳಿದ ನಮಗೆ ಅದೇನು ದೊಡ್ಡ ಆಶ್ಚರ್ಯವಲ್ಲ ಬಿಡಿ.

ಇಲ್ಲಿನ ನಮ್ಮ ಕನ್ನಡ ಕೂಟದಲ್ಲೂ ಯಕ್ಷಗಾನ ಇದೆ. ಊರಿನಿಂದ ಭಾಗವತರು ಬಂದ ವರ್ಷ ಹಬ್ಬ. ಬಾರದ ವರ್ಷ ರೆಕಾರ್ಡ್ ಹಾಕಿ ಮಕ್ಕಳನ್ನು ಕುಣಿಸುತ್ತೇವೆ. ಭಾಗವತನೇ ಒಂದನೇ ವೇಷ ಎನ್ನುವವರು ನಾವು. ಆ ಒಂದನೇ ವೇಷವನ್ನೇ ಫೋನಿಗೆ ಒಪ್ಪಿಸಿದ್ದೇವೆ! ಹುಡುಗನ ಹೆಜ್ಜೆ ತಪ್ಪಿದರೆ ಭಾಗವತರು ಪದ್ಯವನ್ನು ಇನ್ನೊಂದು ಸುತ್ತು ಎಳೆದು ಕಾಪಾಡುತ್ತಾರೆ. ಫೋನು ಕಾಪಾಡುವುದಿಲ್ಲ, ಅದರ ಪಾಡಿಗೆ ಮುಂದೆ ಹೋಗುತ್ತದೆ.

ಹಾಗಂತ ಅವರದೇ ಮೇಲು ಎಂದು ಹೇಳಲಾರೆ. ತಾವೇ ಕೂತು ನುಡಿಸಬೇಕೆಂಬ ಅವರ ಹಟದ ಹಿಂದೆ ಕಷ್ಟವಿದೆ. 1852ರಲ್ಲೇ ಈ ಊರಿಗೆ ನೂರಕ್ಕೂ ಹೆಚ್ಚು ಜನರ ನಾಟಕ ತಂಡ ಬಂದಿತ್ತು. 1882ರಲ್ಲಿ ಚೀನೀ ಕೂಲಿಗಳು ಅಮೆರಿಕಕ್ಕೆ ಬರುವುದನ್ನು ತಡೆಯುವ ಕಾನೂನು ಬಂತು, ಅದು ಹೋದದ್ದು 1943ರಲ್ಲಿ. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟ ಗಂಡಸರಿಗೆ ಸಂಜೆ ಇದ್ದದ್ದು ಇಂಥ ಕ್ಲಬ್ಬು, ನಾಟಕಶಾಲೆ ಅಷ್ಟೇ. 1924ರಲ್ಲಿ ಗ್ರಾಂಟ್ ಅವೆನ್ಯೂದಲ್ಲಿ ಮ್ಯಾಂಡರಿನ್ ಥಿಯೇಟರ್ ಎದ್ದಿತು. ಮರುವರ್ಷ ಜಾಕ್ಸನ್ ಬೀದಿಯಲ್ಲಿ ಇನ್ನೊಂದು. ಬ್ರೂಸ್ ಲೀ 1940ರಲ್ಲಿ ಇದೇ ಊರಲ್ಲಿ ಹುಟ್ಟಿದ್ದಕ್ಕೂ ಕಾರಣ ಒಪೆರಾವೇ. ಅವನ ಅಪ್ಪ ನಟ, ತಂಡದ ಜೊತೆ ತಿರುಗಾಟದಲ್ಲಿದ್ದರು. ನಮಗೆ ಆ ಒಂಟಿತನ ಎಲ್ಲಿದೆ? ವಿಮಾನ ಹತ್ತಿದರೆ ಮರುದಿನ ಊರು.

ಇನ್ನೊಂದು. ನಮ್ಮ ಸ್ಟೇಜ್ ತುಂಬ ಮಕ್ಕಳು. ಆ ಕೋಣೆಯಲ್ಲಿ ಒಂದು ಮಗುವೂ ಇರಲಿಲ್ಲ. ಅಜ್ಜನಿಗೆ ನಮ್ಮ ಮಕ್ಕಳ ವಿಡಿಯೊ ತೋರಿಸಿದೆ. ಕಿರೀಟ ನೋಡಿ ಕಣ್ಣರಳಿಸಿದರು. ಆಮೇಲೆ ಫೋನನ್ನು ಕಿವಿಗೆ ಹಿಡಿದು, "ನುಡಿಸುವವರು ಎಲ್ಲಿ ಕೂತಿದ್ದಾರೆ?" ಎಂದು ಕೇಳಿದರು.

ಹೋದ ತಿಂಗಳ ಮೀಟಿಂಗಿನಲ್ಲಿ ಒಂದು ಚಂಡೆ, ಒಂದು ಮದ್ದಳೆ ತರಿಸೋಣ ಎಂದೆ. "ಬಾರಿಸುವವರು ಯಾರು ಮಾರಾಯ್ರೆ?" ಎಂದು ಯಾರೋ ನಕ್ಕರು. ನಾನು ಕಲಿಯುತ್ತೇನೆ ಎಂದು ಬಾಯಿ ಬಿಟ್ಟಾಗಿದೆ. ಈಗ ಅಕ್ಕಪಕ್ಕದವರು ಬೈಯದ ಒಂದು ಕೋಣೆ ಹುಡುಕುತ್ತಿದ್ದೇನೆ.