ಸಿಸ್ಟರ್ ಹೆಸರು ಬರೆದಿಡಿ

ನಮ್ಮ ಹುಬ್ಬಳ್ಳಿ ಕಡೆ ಮನೆಯವರು ದೊಡ್ಡ ಕಾಯಿಲೆಯಿಂದ ಗುಣವಾದರೆ ಡಾಕ್ಟರಿಗೆ ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಡಿಸ್ಚಾರ್ಜ್ ದಿನ ವಾರ್ಡ್ ಬಾಯ್‌ಗೆ, ಆಯಾಗೆ ನೂರೋ ಇನ್ನೂರೋ ಕೊಡುತ್ತೇವೆ. ಹಗಲು ರಾತ್ರಿ ಹಾಸಿಗೆ ಪಕ್ಕದಲ್ಲೇ ನಿಂತಿದ್ದ ನರ್ಸಿಗೆ? ‘ಬರ್ತೀವ್ರೀ ಸಿಸ್ಟರ್’ ಅಂದು ಲಿಫ್ಟ್ ಹತ್ತುತ್ತೇವೆ. ಎಷ್ಟೋ ಸಲ ಅವರ ಹೆಸರೂ ನಮಗೆ ಗೊತ್ತಿರುವುದಿಲ್ಲ. ಈ ರೂಢಿ ಬದಲಾಗಲೇಬೇಕು.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಊರು ಅಣ್ಣಿಗೇರಿ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಕಳೆದ ಮಳೆಗಾಲದಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಒಂದೇ ರಾತ್ರಿಯಲ್ಲಿ ಉಸಿರಾಡುವುದೇ ಕಷ್ಟವಾಯಿತು. ತಮ್ಮ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ. ನಾನು ಬಂದು ಮುಟ್ಟುವಷ್ಟರಲ್ಲಿ ವೆಂಟಿಲೇಟರ್ ಹಾಕಿದ್ದರು.

ಐಸಿಯು ಹೊರಗಿನ ಪಡಸಾಲೆ ಹೇಗಿರುತ್ತದೆ ಅಂತ ನಿಮಗೂ ಗೊತ್ತಿರಬಹುದು. ಚಾಪೆ, ಚಾದರ, ಬುತ್ತಿ ಗಂಟು, ಮೂಲೆಯಲ್ಲಿ ಚಾರ್ಜಿಗಿಟ್ಟ ಐದಾರು ಮೊಬೈಲು. ನವಲಗುಂದದವರು, ಲಕ್ಷ್ಮೇಶ್ವರದವರು, ಶಿಗ್ಗಾವಿಯವರು. ಒಬ್ಬರ ರೊಟ್ಟಿಗೆ ಇನ್ನೊಬ್ಬರ ಪಲ್ಯ. ಬಾಗಿಲು ಸ್ವಲ್ಪ ಸರಿದರೂ ಸಾಕು, ಎಲ್ಲರೂ ಎದ್ದು ನಿಲ್ಲುತ್ತಾರೆ. ‘ಹನ್ನೆರಡನೇ ಬೆಡ್ಡಿನವರು ಯಾರ್ರೀ?’ ಅಂತ ಒಳಗಿಂದ ದನಿ ಬಂದರೆ ಎದೆ ಧಸಕ್ ಅನ್ನುತ್ತದೆ. ಬಹುತೇಕ ಅದು ಔಷಧಿ ಚೀಟಿ ಕೊಡುವುದಕ್ಕೇ. ಒಳಗೆ ಹೋಗಲು ಬಿಡುವುದು ಬೆಳಿಗ್ಗೆ ಸಂಜೆ ಕೆಲವೇ ನಿಮಿಷ, ಅದೂ ಒಬ್ಬರನ್ನು ಮಾತ್ರ.

ಅಪ್ಪನಿಗೆ ನಿದ್ದೆ ಔಷಧಿ ಕಡಿಮೆ ಮಾಡಿದಾಗ ಕಷ್ಟ ಶುರುವಾಯಿತು. ಗಾಬರಿಯಿಂದ ಕಣ್ಣು ತಿರುಗಿಸುವುದು, ಬಾಯೊಳಗಿನ ಪೈಪಿಗೆ ಕೈ ಹಾಕುವುದು. ಪೈಪು ಕಿತ್ತುಕೊಂಡರೆ ಜೀವಕ್ಕೇ ಅಪಾಯ, ಅದಕ್ಕೆ ಎರಡೂ ಕೈಯನ್ನು ಮಂಚದ ಕಂಬಿಗೆ ಬಟ್ಟೆಯಿಂದ ಕಟ್ಟಿದ್ದರು. ಅದನ್ನು ನೋಡಿ ಹೊರಗೆ ಬಂದ ಅವ್ವ ಆವತ್ತು ಊಟ ಮಾಡಲಿಲ್ಲ.

ಮರುದಿನ ಹಗಲು ಪಾಳಿಗೆ ಬಂದ ಸಿಸ್ಟರ್, ಹಿರೇಕೆರೂರು ಕಡೆಯವರು, ಹೊರಗೆ ಬಂದು ಅವ್ವನನ್ನು ಕೇಳಿದರು. ‘ಅಮ್ಮಾರ, ಮಾಸ್ತರಿಗೆ ಕಿವಿ ಛಲೋ ಕೇಳ್ತಾವೇನ್ರೀ? ನಾ ಮಾತಾಡಿದ್ರ ಬಾಯಿ ಕಡೇನ ನೋಡ್ತಾರ.’

ಅಪ್ಪ ಕಿವಿಗೆ ಮಷೀನ್ ಹಾಕುತ್ತಾರೆ. ತುರ್ತು ವಿಭಾಗದಲ್ಲಿ ಅದನ್ನು ತೆಗೆದು, ಕನ್ನಡಕದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಮ್ಮ ಕೈಗೇ ಕೊಟ್ಟಿದ್ದರು. ಚೀಲ ಅವ್ವನ ಬ್ಯಾಗಿನಲ್ಲೇ ಇತ್ತು. ಸಿಸ್ಟರ್ ಅದನ್ನು ಒಳಗೆ ತೆಗೆದುಕೊಂಡು ಹೋದರು. ಸಂಜೆ ಅವ್ವ ಒಳಗೆ ಹೋದಾಗ ಅಪ್ಪನ ಕಿವಿಯಲ್ಲಿ ಮಷೀನ್, ಮೂಗಿನ ಮೇಲೆ ಕನ್ನಡಕ. ಒಂದು ಕೈಯ ಕಟ್ಟು ಬಿಚ್ಚಿತ್ತು. ಆ ಕೈಯನ್ನು ಸಿಸ್ಟರ್ ತಾವೇ ಹಿಡಿದುಕೊಂಡು ಹೇಳುತ್ತಿದ್ದರಂತೆ: ‘ಮಾಸ್ತರ್ರ, ನೀವು ಹುಬ್ಬಳ್ಳಿ ದವಾಖಾನಿಯೊಳಗ ಅದೀರಿ. ಬಾಯಾಗ ಪೈಪ್ ಐತಿ, ಅದಕ್ಕ ಮಾತು ಬರವಲ್ದು. ಎರಡ್ಮೂರು ದಿನದಾಗ ತಗೀತೀವಿ. ಅಂಜಬ್ಯಾಡ್ರಿ.’

ಐಸಿಯುದಲ್ಲಿ ವಯಸ್ಸಾದವರಿಗೆ ಹೀಗೆ ದಿಕ್ಕು ತಪ್ಪಿದಂತಾಗುವುದು ತುಂಬ ಸಾಮಾನ್ಯ. ವೈದ್ಯರು ಇದನ್ನು ಡೆಲಿರಿಯಮ್ ಅನ್ನುತ್ತಾರೆ. ಹಗಲೋ ರಾತ್ರಿಯೋ ತಿಳಿಯದ ದೀಪ, ಮಷೀನ್‌ಗಳ ಬೀಪ್ ಬೀಪ್, ಔಷಧಿಯ ಮಂಪರು, ಸೋಂಕು ಎಲ್ಲ ಸೇರಿ ತಲೆ ಗೊಂದಲ ಆಗುತ್ತದೆ. ಕಣ್ಣು ಕಿವಿ ಮಂದವಿದ್ದವರಿಗೆ ಇನ್ನೂ ಜಾಸ್ತಿ. ಕನ್ನಡಕ ಹಾಕಿ, ಕಿವಿ ಮಷೀನ್ ಹಾಕಿ, ಎಲ್ಲಿದ್ದೀರಿ ಅಂತ ಮತ್ತೆ ಮತ್ತೆ ಹೇಳಿ ಅನ್ನುವುದು ಪುಸ್ತಕದಲ್ಲೇ ಇರುವ ಚಿಕಿತ್ಸೆ. ಖರ್ಚಿಲ್ಲದ ಚಿಕಿತ್ಸೆ. ಆದರೆ ಅದಕ್ಕೆ ಪೇಶಂಟಿನ ಮುಖವನ್ನು ಸರಿಯಾಗಿ ನೋಡುವ ಒಬ್ಬರು ಬೇಕು. ನಮಗೆ ಅವರು ಸಿಕ್ಕರು.

ಈಗ ನಾನಿರುವ ದೇಶದ ಮಾತು. ಅಲ್ಲಿನ ಐಸಿಯುದಲ್ಲಿ ವೆಂಟಿಲೇಟರ್ ಮೇಲಿರುವ ಒಬ್ಬ ಪೇಶಂಟಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದು ನಿಯಮ. ನಮ್ಮ ಸಿಸ್ಟರ್ ನೋಡಿಕೊಳ್ಳುತ್ತಿದ್ದದ್ದು ಮೂವರನ್ನು. ಸಕ್ಷನ್ ಮಾಡಬೇಕು ಅಂದರೆ ಕಫ ಎಳೆದು ತೆಗೆಯಬೇಕು, ಎರಡು ತಾಸಿಗೊಮ್ಮೆ ಮಗ್ಗಲು ಹೊಳ್ಳಿಸಬೇಕು, ಬಾಯಿ ಒರೆಸಬೇಕು, ಮೂಗಿನ ಪೈಪಿಗೆ ಗಂಜಿ ಬಿಡಬೇಕು, ಔಷಧಿ, ಚಾರ್ಟು, ಹೊರಗಿನವರ ಪ್ರಶ್ನೆಗೆ ಉತ್ತರ. ಇಷ್ಟರ ನಡುವೆ ಮಾಸ್ತರರು ತಮ್ಮ ಬಾಯಿ ಕಡೆ ನೋಡುತ್ತಿದ್ದಾರೆ ಅಂತ ಅವರು ಗಮನಿಸಿದ್ದರು. ಇದನ್ನು ನೆನೆದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅಲ್ಲಿನ ಇನ್ನೊಂದು ಪದ್ಧತಿ ನನಗೆ ತುಂಬ ಇಷ್ಟ. ಅಲ್ಲಿನ ಗೆಳೆಯರೊಬ್ಬರು, ಗದಗದವರೇ, ಲೀಡ್ಸ್‌ನಲ್ಲಿ ಇದೇ ರೀತಿ ವೆಂಟಿಲೇಟರ್ ಮೇಲಿದ್ದರು. ಅವರು ಮನೆಗೆ ಬಂದ ಮೇಲೆ ಆಸ್ಪತ್ರೆಯಿಂದ ಒಂದು ಡೈರಿ ಸಿಕ್ಕಿತು. ‘ಇವತ್ತು ಜ್ವರ ಇಳಿದಿದೆ. ನಿಮ್ಮ ಹೆಂಡತಿ ಬಂದು ತಲೆ ಬಾಚಿದರು. ಹೊರಗೆ ಮಳೆ.’ ನರ್ಸ್‌ಗಳು, ಮನೆಯವರು ಸೇರಿ ಬರೆದದ್ದು. ಈ ಪದ್ಧತಿ ಹುಟ್ಟಿದ್ದು ಡೆನ್ಮಾರ್ಕ್, ಸ್ವೀಡನ್, ನಾರ್ವೆ ಕಡೆ. ಐಸಿಯುದಿಂದ ಬಂದವರಿಗೆ ಆ ದಿನಗಳ ನೆನಪೇ ಇರುವುದಿಲ್ಲ, ಇಲ್ಲವೇ ಭಯದ ಕನಸೇ ನಿಜ ಅನಿಸಿಬಿಟ್ಟಿರುತ್ತದೆ. ಡೈರಿ ಆ ಖಾಲಿ ಜಾಗ ತುಂಬುತ್ತದೆ.

ಅಪ್ಪನಿಗೂ ಹಾಗೇ ಆಗಿತ್ತು. ತಮ್ಮನ್ನು ಅಣ್ಣಿಗೇರಿ ಸ್ಟೇಷನ್ನಿನ ಕೋಣೆಯಲ್ಲಿ ಕೂಡಿಹಾಕಿದ್ದರು ಅಂತ ವಾರ್ಡಿಗೆ ಬಂದ ಮೇಲೂ ನಂಬಿದ್ದರು. ಇಲ್ಲಿ ಡೈರಿ ಇರಲಿಲ್ಲ. ಆದರೆ ಆ ಸಿಸ್ಟರ್ ಪಾಳಿ ಮುಗಿಸಿ, ಯೂನಿಫಾರ್ಮ್ ಬದಲಿಸಿ, ಬಸ್ಸಿಗೆ ಹೋಗುವ ಮೊದಲು ವಾರ್ಡಿಗೆ ಬಂದರು. ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ಕೂತು, ಯಾವ ದಿನ ಏನಾಯಿತು, ಕೈ ಯಾಕೆ ಕಟ್ಟಿದ್ದೆವು, ಎಲ್ಲ ಒಂದೊಂದಾಗಿ ಹೇಳಿದರು. ‘ಕೈ ಕಟ್ಟಿದ್ದು ನಮಗೂ ಛಲೋ ಅನಿಸಿರಲಿಲ್ಲರೀ’ ಅಂದರು. ಅಪ್ಪ ಬಹಳ ಹೊತ್ತು ಅವರನ್ನೇ ನೋಡುತ್ತಿದ್ದು, ‘ನಿನ್ನ ಧ್ವನಿ ನನಗ ನೆನಪೈತಿ ನೋಡವ್ವ’ ಅಂದರು.

ಯಾವುದು ಮೇಲು? ಅಲ್ಲಿ ಡೈರಿ ಬರೆಯುವುದಕ್ಕೆ ಪದ್ಧತಿ ಇದೆ, ಬರೆಯಲು ಕೈ ಇದೆ. ಇಲ್ಲಿ ಒಬ್ಬರ ಒಳ್ಳೆಯತನ ಇತ್ತು, ಅದೂ ಅವರ ಸ್ವಂತ ಹೊತ್ತಿನಲ್ಲಿ. ಮಾತಿನಲ್ಲಿದ್ದ ಆ ಬಳಕೆ, ಆ ‘ಮಾಸ್ತರ್ರ’, ಲೀಡ್ಸ್‌ನಲ್ಲಿ ಸಿಗುವುದು ಕಷ್ಟ. ಆದರೆ ಪಕ್ಕದ ಬೆಡ್ಡಿನವರಿಗೆ ಅಂಥ ಸಿಸ್ಟರ್ ಸಿಗದೇ ಹೋದರೆ? ಒಳ್ಳೆಯ ಆರೈಕೆ ಅದೃಷ್ಟದ ಮಾತಾಗಬಾರದು ಅಲ್ವಾ?

ಅಲ್ಲೂ ಎಲ್ಲ ಸರಿಯಿಲ್ಲ. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ನರ್ಸ್‌ಗಳು ಸಂಬಳ ಸಾಲದು, ಜನ ಸಾಲದು ಅಂತ ಮುಷ್ಕರ ಮಾಡಿದರು. ಆ ಕೊರತೆ ತುಂಬಲು ಹೋಗುತ್ತಿರುವವರಲ್ಲಿ ನಮ್ಮ ದೇಶದ ನರ್ಸ್‌ಗಳೂ ಬಹಳ ಜನ. ಇಲ್ಲಿ ಮೂವರನ್ನು ನೋಡುವ ಕೈ ಅಲ್ಲಿಗೆ ಹೋದರೆ ಇಲ್ಲಿ ಉಳಿದವರಿಗೆ ನಾಲ್ವರಾಗುತ್ತಾರೆ. ಹೋಗುವವರನ್ನು ದೂರುವುದರಲ್ಲಿ ಅರ್ಥವಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ರಚಿಸಿದ ಸಮಿತಿ, 200ಕ್ಕಿಂತ ಜಾಸ್ತಿ ಹಾಸಿಗೆಯ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಅಂತ ಹೇಳಿತ್ತು. ನಿಮ್ಮ ಊರಿನ ನರ್ಸಿಂಗ್ ಹೋಮಿನ ಹುಡುಗಿಯರನ್ನು ಒಮ್ಮೆ ಕೇಳಿ ನೋಡಿ, ಎಷ್ಟು ಬರುತ್ತದೆ ಅಂತ.

ಕೃತಜ್ಞತೆ ತೋರಿಸುವ ವಿಷಯದಲ್ಲಿ ಅಮೆರಿಕದ ಒಂದು ಕುಟುಂಬ ಮಾಡಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಪ್ಯಾಟ್ರಿಕ್ ಬಾರ್ನ್ಸ್ ಅನ್ನುವವರು 1999ರಲ್ಲಿ, 33ನೇ ವಯಸ್ಸಿಗೆ ತೀರಿಕೊಂಡರು. ಮಗನನ್ನು ಕಳೆದುಕೊಂಡ ಆ ಮನೆಯವರು ಅವನನ್ನು ನೋಡಿಕೊಂಡ ನರ್ಸ್‌ಗಳ ಅಂತಃಕರಣ ಮರೆಯಲಿಲ್ಲ. ಡೈಸಿ ಹೆಸರಿನ ಪ್ರಶಸ್ತಿ ಶುರು ಮಾಡಿದರು. ಪೇಶಂಟ್, ಮನೆಯವರು, ಜೊತೆಗೆ ಕೆಲಸ ಮಾಡುವವರು ನರ್ಸ್ ಏನು ಮಾಡಿದರು ಅಂತ ಬರೆದು ಕಳಿಸುತ್ತಾರೆ. ಆಯ್ಕೆಯಾದವರಿಗೆ ಜಿಂಬಾಬ್ವೆಯ ಶಿಲ್ಪಿಗಳು ಕೆತ್ತಿದ ಕಲ್ಲಿನ ಮೂರ್ತಿ. ಪ್ಯಾಟ್ರಿಕ್ ಆಸ್ಪತ್ರೆಯಲ್ಲಿದ್ದಾಗ ದಾಲ್ಚಿನ್ನಿ ಬನ್ ತರಿಸಿ ಎಲ್ಲರಿಗೂ ಹಂಚಿದ್ದರಂತೆ. ಅದಕ್ಕೆ ಪ್ರಶಸ್ತಿಯ ಜೊತೆ ಆ ಬನ್ನೂ ಇರುತ್ತದೆ.

ನಾವೂ ಧಾರವಾಡ ಪೇಢಾ ಒಯ್ದೆವು. ಇಡೀ ಐಸಿಯು ಹಂಚಿಕೊಂಡು ತಿಂದಿತು. ಅವ್ವ ಕವರಿನಲ್ಲಿ ದುಡ್ಡು ಇಟ್ಟುಕೊಂಡು ಹೋಗಿದ್ದಳು, ಸಿಸ್ಟರ್ ಮುಟ್ಟಲಿಲ್ಲ. ಆಮೇಲೆ ಅಪ್ಪನೇ ಪತ್ರ ಬರೆಯುತ್ತೇನೆ ಅಂದರು. ಕೈ ಇನ್ನೂ ನಡುಗುತ್ತಿತ್ತು. ಎರಡು ಪುಟ, ಕನ್ನಡದಲ್ಲಿ, ಆಸ್ಪತ್ರೆಯ ಮುಖ್ಯಸ್ಥರ ಹೆಸರಿಗೆ. ಸಿಸ್ಟರ್ ಪೂರ್ತಿ ಹೆಸರು, ಪಾಳಿ, ಬೆಡ್ ನಂಬರ್, ಕಿವಿ ಮಷೀನಿನ ವಿಷಯ, ವಾರ್ಡಿಗೆ ಬಂದು ಕೂತ ವಿಷಯ. ‘ಚೆನ್ನಾಗಿ ನೋಡಿಕೊಂಡರು’ ಅಂತಷ್ಟೇ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ ಅಂತ ಮಾಸ್ತರರ ವಾದ. ಅದು ನಿಜವೂ ಹೌದು. ಪತ್ರ ಓದಿದ ಸಿಸ್ಟರ್ ಕೇಳಿದ್ದು ಒಂದೇ: ‘ಇದರದ್ದೊಂದು ಜೆರಾಕ್ಸ್ ಕೊಡ್ರಿ ಸರ್, ಮನ್ಯಾಗ ತೋರಸ್ತೀನಿ.’

ಆಸ್ಪತ್ರೆಗಳಲ್ಲಿ ದೂರು ಪೆಟ್ಟಿಗೆ ಇಟ್ಟಿರುತ್ತಾರೆ, ಇರಲಿ. ಅದರ ಪಕ್ಕದಲ್ಲೇ ಇಂಥ ಪತ್ರಕ್ಕೂ ಒಂದು ಜಾಗ ಇರಲಿ. ಬಂದ ಪತ್ರ ಆ ನರ್ಸಿನ ಫೈಲಿಗೆ ಸೇರಲಿ, ಬಡ್ತಿಯ ಹೊತ್ತಿಗೆ ಯಾರಾದರೂ ಅದನ್ನು ತೆಗೆದು ಓದಲಿ. ಹುಬ್ಬಳ್ಳಿಯ ಕಿಮ್ಸ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಯೇ ಮೊದಲು ಶುರು ಮಾಡಿದರೆ ಖಾಸಗಿಯವರಿಗೂ ದಾರಿಯಾಗುತ್ತದೆ. ನಮ್ಮ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಮುಂದಿನ ಸೋಮವಾರ ಅಪ್ಪನ ಚೆಕಪ್ ಇದೆ. ಪತ್ರ ಸಿಸ್ಟರ್ ಫೈಲಿಗೆ ಸೇರಿದೆಯಾ ಅಂತ ತಮ್ಮ ಆವತ್ತು ಆಫೀಸಿನಲ್ಲಿ ಕೇಳಿ ಬರುತ್ತಾನೆ.