ಕದ್ರಿ ಪಾರ್ಕಿನಲ್ಲಿ ಹೆಂಗಸರ ಓಟವೊಂದು ಬೇಕು

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿವರ್ಷ ಜೂನ್ ತಿಂಗಳಲ್ಲಿ ಹೆಂಗಸರಿಗೆಂದೇ ಮಿನಿ 10ಕೆ ಎಂಬ ಹತ್ತು ಕಿಲೋಮೀಟರಿನ ಓಟ ನಡೆಯುತ್ತದೆ. 1972ರಲ್ಲಿ ಅದು ಶುರುವಾದಾಗ ಗುರಿ ಮುಟ್ಟಿದವರು 72 ಮಂದಿ. ಈಗ ಸಾವಿರಗಟ್ಟಲೆ ಹೆಂಗಸರು ಓಡುತ್ತಾರೆ. ಮಂಗಳೂರಿಗೂ ಇಂಥದ್ದೊಂದು ಓಟ ಬೇಕು, ಅದು ಕದ್ರಿ ಪಾರ್ಕಿನಲ್ಲೇ ಆಗಬೇಕು ಎಂದು ದೂರದ ನ್ಯೂಯಾರ್ಕಿನಲ್ಲಿ ಕೂತ ಮಂಗಳೂರಿನವಳಾದ ನನಗೆ ಬಲವಾಗಿ ಅನಿಸುತ್ತಿದೆ.

ಹೆಂಗಸರಿಗೆ ಬೇರೆ ಓಟ ಯಾಕೆ, ಊರಿನ ಮ್ಯಾರಥಾನ್‌ಗಳಲ್ಲಿ ಅವರೂ ಓಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಓಡುತ್ತಾರೆ, ನಿಜ. ಆದರೆ ಅಲ್ಲಿ ಯಾರು ಕಾಣುತ್ತಾರೆ ನೋಡಿ: ಕಾಲೇಜು ಹುಡುಗಿಯರು, ಕ್ರೀಡಾಪಟುಗಳು, ಜಿಮ್ಮಿಗೆ ಹೋಗುವ ಅಭ್ಯಾಸವಿರುವವರು. ಮಕ್ಕಳನ್ನು ಶಾಲೆಗೆ ಕಳಿಸಿ, ಅತ್ತೆಯ ಮಾತ್ರೆ ನೋಡಿಕೊಂಡು, ಆಮೇಲೆ ಕೆಲಸಕ್ಕೆ ಹೊರಡುವ ನಲವತ್ತೈದರ ಹೆಂಗಸು ಅಲ್ಲಿ ಅಪರೂಪ.

ಈ ಪ್ರಶ್ನೆಗೆ ನ್ಯೂಯಾರ್ಕಿನವರು ಎಂದೋ ಉತ್ತರ ಕೊಟ್ಟಿದ್ದಾರೆ. ಹೆಂಗಸರ ದೇಹಕ್ಕೆ ದೂರದ ಓಟ ಆಗದು ಎಂದು ನಂಬಿದ್ದ ಕಾಲ ಅದು. ಬೋಸ್ಟನ್ ಮ್ಯಾರಥಾನ್ ಅವರನ್ನು ಅಧಿಕೃತವಾಗಿ ಸೇರಿಸಿಕೊಂಡಿದ್ದೇ 1972ರಲ್ಲಿ. ಆ ವರ್ಷ ಅಲ್ಲಿ ಹೆಂಗಸರಲ್ಲಿ ಗೆದ್ದ ನೀನಾ ಕುಸಿಕ್ ಮಿನಿ ಓಟವನ್ನು ಕಟ್ಟಿದವರಲ್ಲೂ ಒಬ್ಬರು. ಅದೇ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಬಂತು. ಆಗ ಅದು ಪೂರ್ತಿ ಸೆಂಟ್ರಲ್ ಪಾರ್ಕಿನೊಳಗೇ ನಡೆಯುತ್ತಿತ್ತು. ಹೆಂಗಸರು ಗಂಡಸರಿಗಿಂತ ಹತ್ತು ನಿಮಿಷ ಮೊದಲು ಹೊರಡಬೇಕು ಎಂಬುದು ನಿಯಮ. ನೀನಾ ಸೇರಿದಂತೆ ಆರು ಮಂದಿ ಓಟದ ಗೆರೆಯ ಮೇಲೆ ಫಲಕ ಹಿಡಿದು ಕೂತುಬಿಟ್ಟರು. ಹತ್ತು ನಿಮಿಷ ಕಳೆದು ಗಂಡಸರು ಹೊರಟಾಗ ಎದ್ದು ಅವರ ಜೊತೆಗೇ ಓಡಿದರು. ಒಟ್ಟಿಗೆ ಓಡುವ ಹಕ್ಕಿಗಾಗಿ ನೆಲದ ಮೇಲೆ ಕೂತವರೇ ಹೆಂಗಸರದ್ದೇ ಆದ ಓಟವೂ ಬೇಕೆಂದಿದ್ದರು. ಅವರಿಗೆ ಎರಡೂ ಬೇಕಿತ್ತು, ನಮಗೂ ಎರಡೂ ಬೇಕು.

ಕರಾವಳಿಯ ಹೆಣ್ಣುಮಕ್ಕಳ ಕಾಲಿಗೆ ಶಕ್ತಿ ಕಡಿಮೆಯೇ? 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದ ಅಶ್ವಿನಿ ಅಕ್ಕುಂಜಿ ಉಡುಪಿ ಜಿಲ್ಲೆಯ ಸಿದ್ದಾಪುರ ಕಡೆಯವರು. 2014 ಮತ್ತು 2018ರಲ್ಲಿ ರಿಲೇ ಚಿನ್ನ ತಂದ ತಂಡಗಳಲ್ಲಿದ್ದ ಎಂ.ಆರ್. ಪೂವಮ್ಮ ಮಂಗಳೂರಿನವರು. ಪದಕದ ಮಾತು ಬಿಡಿ, ಮಳೆಗಾಲದ ಆಟಿ ತಿಂಗಳಲ್ಲಿ ಯಾವುದಾದರೂ ಊರಿನ ಕೆಸರುಗದ್ದೆ ಆಟಕ್ಕೆ ಹೋಗಿ ನೋಡಿ. ಮೊಮ್ಮಕ್ಕಳಿರುವ ಹೆಂಗಸರು ಸೀರೆ ಎತ್ತಿಕಟ್ಟಿ ಕೆಸರಿನಲ್ಲಿ ಓಡುತ್ತಾರೆ, ಬೀಳುತ್ತಾರೆ, ಎದ್ದು ಮತ್ತೆ ಓಡುತ್ತಾರೆ. ಗದ್ದೆಯ ಬದುವಿನಲ್ಲಿ ನಿಂತ ಊರೆಲ್ಲ ಕೂಗಿ ಹುರಿದುಂಬಿಸುತ್ತದೆ. ನಮ್ಮ ಹೆಂಗಸರಿಗೆ ನಾಚಿಕೆ ಎನ್ನುವವರು ಇದನ್ನು ಕಂಡಿಲ್ಲ.

ಅದೇ ಹೆಂಗಸು ಡಾಂಬರು ರಸ್ತೆಗೆ ಬಂದಾಗ ಮಾತ್ರ ಓಡುವುದಿಲ್ಲ. ಬಿಜೈಯಲ್ಲಿರುವ ನನ್ನ ಅತ್ತಿಗೆ ಕದ್ರಿ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುತ್ತಾರೆ, ಒಳ್ಳೆ ಬಿರುಸಿನ ನಡಿಗೆ. ಸ್ವಲ್ಪ ಓಡಬಾರದಾ ಎಂದರೆ, "ಒಬ್ಬಳೇ ಓಡಿದ್ರೆ ಎಲ್ಲ ತಿರುಗಿ ನೋಡ್ತಾರೆ ಮಾರಾಯ್ತಿ" ಎನ್ನುತ್ತಾರೆ. ಒಬ್ಬಳೇ ಎನ್ನುವುದರಲ್ಲಿ ಎಲ್ಲವೂ ಇದೆ. ಗದ್ದೆಯಲ್ಲಿ ಅವರು ಒಬ್ಬರೇ ಅಲ್ಲ, ಜೊತೆಗೆ ಇಡೀ ವಾರ್ಡಿನ ಹೆಂಗಸರಿರುತ್ತಾರೆ. ವರ್ಷಕ್ಕೊಂದು ದಿನ ಐನೂರು ಹೆಂಗಸರು ಪಾರ್ಕಿನ ರಸ್ತೆಯಲ್ಲಿ ಒಟ್ಟಿಗೆ ಓಡಿದರೆ, ಮರುದಿನ ಒಬ್ಬಳೇ ಓಡುವವಳನ್ನು ತಿರುಗಿ ನೋಡುವವರು ಕಡಿಮೆಯಾಗುತ್ತಾರೆ.

ಪಾರ್ಕೇ ಯಾಕೆಂದರೆ, ಹೆದ್ದಾರಿಯ ಬದಿಯಲ್ಲಿ ಓಡಿದರೆ ಹಿಂದೆ ಉಳಿದವರ ಗತಿ ಕಷ್ಟ. ಮುಂದಿನವರು ಹೋದ ಮೇಲೆ ಪೊಲೀಸರು ರಸ್ತೆ ಬಿಡಲೇಬೇಕು, ಬಸ್ಸು ನುಗ್ಗುತ್ತದೆ, ನೀರಿನ ಟೇಬಲ್ ಎತ್ತಿಯಾಗಿರುತ್ತದೆ. ಸೆಂಟ್ರಲ್ ಪಾರ್ಕಿನ ಒಳರಸ್ತೆಗಳಿಗೆ 2018ರಿಂದ ಕಾರುಗಳೇ ಬರುವುದಿಲ್ಲ, ಹಾಗಾಗಿ ಕೊನೆಯವರನ್ನೂ ಅವಸರಪಡಿಸಬೇಕಾಗಿಲ್ಲ. ಕದ್ರಿ ಪಾರ್ಕು ಅದರ ಮುಂದೆ ಬಹಳ ಚಿಕ್ಕದು, ಐದು ಕಿಲೋಮೀಟರ್ ಆಗಲು ಹಲವು ಸುತ್ತು ಬೇಕು. ಅದು ಒಳ್ಳೆಯದೇ. ಮುಂದಿನವಳೂ ಹಿಂದಿನವಳೂ ಮತ್ತೆ ಮತ್ತೆ ಎದುರಾಗುತ್ತಾರೆ, ನೋಡುವವರಿಗೂ ಒಂದೇ ಕಡೆ ನಿಂತರೆ ಸಾಕು.

ದಿನ ಮಾತ್ರ ನ್ಯೂಯಾರ್ಕಿನ ಹಾಗೆ ಜೂನ್ ಆಗದು, ಮಂಗಳೂರಿನಲ್ಲಿ ಅದು ಮಳೆ ಹೊಯ್ಯುವ ಹೊತ್ತು. ಡಿಸೆಂಬರ್ ಅಥವಾ ಜನವರಿಯ ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಡಬೇಕು. ಎಂಟು ಗಂಟೆಯಾದರೆ ಸೆಕೆ ಶುರು. ಆದ್ದರಿಂದ ಸಭಾ ಕಾರ್ಯಕ್ರಮ, ಮುಖ್ಯ ಅತಿಥಿಗಳ ಮಾತು ಎಲ್ಲ ಓಟ ಮುಗಿದ ಮೇಲೆ. ಶೌಚಾಲಯಗಳು ಐದಕ್ಕೇ ತೆರೆದಿರಬೇಕು, ಒಳಗೆ ನೀರಿರಬೇಕು, ಬೆಳಕಿರಬೇಕು. ಇದು ಸಣ್ಣ ಮಾತಲ್ಲ, ಎಷ್ಟೋ ಹೆಂಗಸರು ಇದೊಂದೇ ಕಾರಣಕ್ಕೆ ಹೆಸರು ಕೊಡುವುದಿಲ್ಲ. ಚೂಡಿದಾರವೋ ಸೀರೆಯೋ, ಯಾವುದರಲ್ಲಿ ಬಂದರೂ ಬಿಬ್, ಅಂದರೆ ಎದೆಗೆ ಸಿಕ್ಕಿಸುವ ಓಟದ ನಂಬರಿನ ಚೀಟಿ, ಸಿಗಬೇಕು.

ಗಂಡಸರಿಗೂ ಕೆಲಸವಿದೆ. ನ್ಯೂಯಾರ್ಕಿನ ಓಟಗಾರರ ಸಂಘದಲ್ಲಿ ಒಂದು ಪದ್ಧತಿಯಿದೆ: ಸದಸ್ಯರು ವರ್ಷದಲ್ಲಿ ಒಂಬತ್ತು ಓಟ ಓಡಿ, ಒಂದರಲ್ಲಿ ಸ್ವಯಂಸೇವಕರಾದರೆ ಮುಂದಿನ ವರ್ಷದ ಮ್ಯಾರಥಾನಿಗೆ ಪ್ರವೇಶ ಖಾತ್ರಿ. ನೀರು ಕೊಡುವವರಿಗೂ ಅಲ್ಲಿ ಓಟದ ಲೆಕ್ಕದಲ್ಲಿ ಜಾಗವಿದೆ. ನಮ್ಮ ಯುವಕ ಮಂಡಲಗಳು ಆ ದಿನ ಪುನರ್ಪುಳಿ ಶರಬತ್ತು ಹಿಡಿದು ನಿಲ್ಲಲಿ, ಅಪ್ಪಂದಿರು ಮಕ್ಕಳನ್ನು ನೋಡಿಕೊಳ್ಳಲಿ.

ಓಟ ಮುಗಿದ ಮೇಲಿನದ್ದರಲ್ಲಿ ಮಾತ್ರ ನಾವು ನ್ಯೂಯಾರ್ಕಿನವರಿಂದ ಕಲಿಯಬೇಕಾಗಿಲ್ಲ. ಇಲ್ಲಿ ಒಂದು ಸೇಬು, ಒಂದು ಬೇಗಲ್ ಬ್ರೆಡ್ಡು ಕೈಗೆ ಬಂದರೆ ಹೆಚ್ಚಿನವರು ತಮ್ಮ ತಮ್ಮ ರೈಲು ಹಿಡಿಯುತ್ತಾರೆ. ಕದ್ರಿಯಲ್ಲಿ ಮಹಿಳಾ ಮಂಡಲಗಳೂ ಸ್ತ್ರೀಶಕ್ತಿ ಸಂಘಗಳೂ ಸೇರಿದರೆ ಅವಲಕ್ಕಿ, ಬಾಳೆಹಣ್ಣು, ಬಿಸಿ ಕಷಾಯ ಇಟ್ಟು ಹತ್ತು ಗಂಟೆಯವರೆಗೂ ಹುಲ್ಲಿನ ಮೇಲೆ ಕೂತು ಮಾತಾಡಿಯಾರು. ಅಡುಗೆಯನ್ನು ಆ ದಿನ ಗಂಡಸರೇ ಮಾಡಿದರೆ ಇನ್ನೂ ಚೆಂದ.